ಪಂಥ ಕಟ್ಟಿದವನು ಮೊದಲು ಎತ್ತಲಿ

ಸೆಪ್ಟೆಂಬರ್ 7, ಭಾನುವಾರ

ಕೊಟ್ಟ ಮಾತು: ಚೀಲ ಸಾಗಿಸಲು ಟ್ರಾಲಿ. ಹೆಂಗಸರ ಪಾಯಖಾನೆಗೆ ಚಿಲಕ. ಕಲ್ಯಾಣ ಸ್ಟೇಷನ್ನಿನಿಂದ ಗೋದಾಮಿಗೆ ಕಂಪನಿ ಬಸ್ಸು. ಕುಡಿಯಲು ಶುದ್ಧ ನೀರು. ಮಾಥಾಡಿ ಮಂಡಳಿಯಲ್ಲಿ, ಅಂದರೆ ಸರಕಾರದ ಹಮಾಲರ ಮಂಡಳಿಯಲ್ಲಿ, ನಮ್ಮ ಹೆಸರು.

ಸಿಕ್ಕದ್ದು: ಟ್ರಾಲಿ ಇಲ್ಲ. ಚಿಲಕ ಇಲ್ಲ. ಬಸ್ಸು ಇಲ್ಲ. ನೀರು ಇದೆ, ಟ್ಯಾಂಕಿನಲ್ಲಿ ಪಾರಿವಾಳದ ಪುಕ್ಕವೂ ಇದೆ. ಹೆಸರು ಎಲ್ಲಿ ಎಂದರೆ "ಯಾರ ಹೆಸರು?" ಅನ್ನುತ್ತಾರೆ.

ಮುಂದಿನ ಸಭೆ: ಇಲ್ಲ.

ಹೀಗೆ ಬರೆಯುವುದನ್ನು ಇಪ್ಪತ್ತರ ವಯಸ್ಸಿನಲ್ಲಿ ಕಲಬುರಗಿಯ ಕೂಲಿಕಾರರ ಸಂಘದ ಶಿಬಿರದಲ್ಲಿ ಕಲಿಸಿದ್ದರು. ಮೊದಲು ಕೊಟ್ಟ ಮಾತು, ಆಮೇಲೆ ತಪ್ಪಿದ ಮಾತು, ಕೊನೆಗೆ ಮುಂದಿನ ಸಭೆಯ ದಿನ ಮತ್ತು ಗಂಟೆ. ದಿನ, ಗಂಟೆ ಇಲ್ಲದ ಸಿಟ್ಟು ಬರೀ ಹೊಟ್ಟೆಯುರಿ ಅನ್ನುತ್ತಿದ್ದರು. ಸಂಘ ಬಿಟ್ಟು ಹನ್ನೊಂದು ವರ್ಷವಾಯಿತು. ಈಗ ಮುಂಬಯಿ ಹತ್ತಿರದ ಕಳವಾದಲ್ಲಿ ಹತ್ತಡಿಯ ಖೋಲಿ, ಭಿವಂಡಿಯಲ್ಲಿ ಹಮಾಲಿ. ಐವತ್ತು ಕಿಲೋದ ಸೋಪಿನ ಪುಡಿಯ ಚೀಲ, ಲಾರಿಯಿಂದ ಥಪ್ಪಿಗೆ, ಅಂದರೆ ಚೀಲದ ಒಟ್ಟಿಲಿಗೆ, ನಲವತ್ತು ಹೆಜ್ಜೆ, ದಿನಕ್ಕೆ ನೂರಿಪ್ಪತ್ತು ಸಲ. ನನ್ನ ಜೋಡಿ ಧರ್ಮಪಾಲ. ನಮ್ಮೂರಿನವನೇ, ನನಗಿಂತ ಆರು ವರ್ಷ ದೊಡ್ಡವನು. ಅವನು ಚೀಲ ಎತ್ತಿ ನನ್ನ ಬೆನ್ನಿಗೆ ಕೊಡುತ್ತಾನೆ. ನಾನು ದಣಿದರೆ ಅವನ ಬೆನ್ನು, ನನ್ನ ಕೈ. ಒಂಬತ್ತು ವರ್ಷದಿಂದ ಹೀಗೆ.

ನನ್ನಾಕೆ ಅದೇ ಗೋದಾಮಿನ ಪ್ಯಾಕಿಂಗ್ ಲೈನಿನಲ್ಲಿದ್ದಾಳೆ. ಚಿಲಕಕ್ಕೂ ಟ್ರಾಲಿಗೂ ಹೆಂಗಸರು ಅರ್ಜಿ ಬರೆದಿದ್ದಾರಂತೆ. ನಮ್ಮ ಸಹಿ ಕೇಳಿದಳು. ಧರ್ಮಣ್ಣ ಹಾಕಿದ, ನಾನೂ ಹಾಕಿದೆ. ಬರೆಯಲಿ, ಹೋಗುವುದೇನು. ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತು. ಅವಳು ತನ್ನ ಕಪ್ಪು ಹಿಡಿದು ಕೂತಿದ್ದಳು. ಎಬ್ಬಿಸಿ ಇನ್ನೊಮ್ಮೆ ಮಾಡಿಸಿದೆ.

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆ ಕೆಲಸ ನಿಲ್ಲಿಸಿ ಎಲ್ಲರನ್ನೂ ನಾಲ್ಕನೇ ಶೆಡ್ಡಿಗೆ ಕರೆದರು. ಮ್ಯಾನೇಜರ್ ಹಯಗ್ರೀವ ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಸ್ವಂತ ಫ್ಲಾಟು. ನಮ್ಮೊಂದಿಗೆ ಕನ್ನಡದಲ್ಲಿ ಮಾತಾಡುತ್ತಾರೆ. ಕನ್ನಡದಲ್ಲೇ ಇಲ್ಲ ಅನ್ನುತ್ತಾರೆ. ಇಂದು ತಂಗಿಯ ಮಗ ಪ್ರಥಮನನ್ನು ನವಿಮುಂಬಯಿಯಿಂದ ಕರೆಸಿದ್ದರು. ಇಪ್ಪತ್ತಾರು ವಯಸ್ಸು, ಎಣ್ಣೆ ಹಚ್ಚಿದ ಗಡ್ಡ, ಎದೆಗೊಂದು ಮೈಕು. ಗಂಡಸರಿಗೆ ಗಂಡಸುತನ ಹೇಳಿಕೊಡುವುದು ಅವನ ಉದ್ಯೋಗ. ಕನ್ನಡ ತಿಳಿಯುತ್ತದಂತೆ, ಬಾಯಿಗೆ ಬರುವುದು ಹಿಂದಿ.

ಗಂಡಸರಲ್ಲಿ ಮೂರು ಜಾತಿ ಎಂದ. ಆಲ್ಫಾ: ಮುಂದೆ ನಡೆಯುವವನು, ಭಾರಕ್ಕೆ ಅಂಜದವನು, ಕೇಳದೆ ಪಡೆಯುವವನು. ಬೀಟಾ: ಹಿಂದೆ ನಡೆಯುವವನು, ಗೊಣಗುವವನು, ಹೆಂಡತಿ ಹೇಳಿದಲ್ಲಿ ಸಹಿ ಹಾಕುವವನು. ಸಿಗ್ಮಾ: ಯಾರ ಹಂಗೂ ಇಲ್ಲದೆ ಒಬ್ಬನೇ ನಡೆಯುವವನು. ತೋಳಗಳ ಹಿಂಡಿನಲ್ಲೂ ಹೀಗೇ ಅಂತೆ. ಇವನು ತೋಳ ನೋಡಿದ್ದು ಮೊಬೈಲಿನಲ್ಲಿ. ನನ್ನಜ್ಜ ನೋಡಿದ್ದು ಕುರಿಹಟ್ಟಿಯಲ್ಲಿ.

ಪ್ಯಾಕಿಂಗ್ ಲೈನಿನ ಚಂದ್ರಬಾಯಿ, ಅಲ್ಲಿನ ಹೆಂಗಸರಲ್ಲೆಲ್ಲ ಹಿರಿಯಳು, ಎದ್ದು ನಿಂತಳು. "ಸಾಹೇಬ, ನಮಗ ಯಾವ ಜಾತಿ?"

"ಆಂಟಿ, ಯೇ ಸಿರ್ಫ್ ಜೆಂಟ್ಸ್ ಕಾ ಹೈ."

"ಹಂಗಾರ ಆ ಪೆಟ್ಟಿಗಿಗೋಳೂ ಜೆಂಟ್ಸೇ ಹೊರಲಿ. ನಾವು ಮನಿಗಿ ಹೋಗ್ತೀವಿ."

ಹೆಂಗಸರು ನಕ್ಕರು. ಹಯಗ್ರೀವ ಕೆಮ್ಮಿದರು.

ಆಮೇಲೆ ರಬ್ಬರಿನ ಕೈಪಟ್ಟಿ ಹಂಚಿದರು. ಆಲ್ಫಾಗೆ ಕೆಂಪು, ಸಿಗ್ಮಾಗೆ ಕಪ್ಪು, ಬೀಟಾಗೆ ಬೂದು. ಸ್ಕ್ಯಾನರ್ ಹಿಡಿಯುವ ಆಕಾಶನಿಗೆ ಕಪ್ಪು. ಕಳವಾದಲ್ಲೇ ಹುಟ್ಟಿ ಬೆಳೆದ ಹುಡುಗ, ಕಿವಿಯಲ್ಲಿ ಸದಾ ಇಯರ್‌ಫೋನು. "ಕಾಕಾ, ಅಪುನ್ ತೋ ಅಕೇಲಾ ಚಲತಾ ಹೈ" ಅಂದ. ಅರ್ಜಿಗೆ ಸಹಿ ಹಾಕಿದ ಇಪ್ಪತ್ತೊಂದು ಗಂಡಸರಿಗೆ, ಒಬ್ಬರನ್ನೂ ಬಿಡದೆ, ಬೂದು.

ನನಗೆ ಬೂದು! ನಮ್ಮೂರ ಗರಡಿ ಮನೆ ಮುಂದಿನ ಗುಂಡುಕಲ್ಲನ್ನು ಹತ್ತೊಂಬತ್ತನೇ ವಯಸ್ಸಿಗೇ ಹೆಗಲ ಮೇಲಿಂದ ಹಿಂದಕ್ಕೆ ಒಗೆದವನು ನಾನು. ಧರ್ಮಣ್ಣ ತನ್ನ ಬೂದು ಪಟ್ಟಿಯನ್ನು ಊಟದ ಡಬ್ಬಿಗೆ ಸುತ್ತಿದ. "ಮುಚ್ಚಳ ಸಡ್ಲ ಆಗಿತ್ತು, ಬೇಷಾತು" ಅಂದ. ನನಗೆ ನಗು ಬರಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಬೂದು ಪಟ್ಟಿ ಬೆವರಿಗೆ ಅಂಟುತ್ತದೆ. ನನ್ನಾಕೆ "ಬಿಚ್ಚಿ ಒಗೀರಿ ಅದನ್ನ" ಅಂದಳು. ನಿನ್ನ ಅರ್ಜಿಯಿಂದಲೇ ಬಂದದ್ದು ಎಂದು ಬೈದೆ. ಲೋಕಲ್ ಬಂದಾಗ ಅವಳು ಹೆಂಗಸರ ಬೋಗಿಗೆ ಹತ್ತಿದಳು.

ಸೆಪ್ಟೆಂಬರ್ 13, ಶನಿವಾರ

ಇವತ್ತಿನ ದಿನ ನನ್ನದು.

ಊಟದ ಹೊತ್ತಿಗೆ ಹಯಗ್ರೀವ ಥಪ್ಪಿಯ ಹತ್ತಿರ ಬಂದರು. ಹಿಂದೆ ಮೊಬೈಲು ಹಿಡಿದ ಪ್ರಥಮ. "ಎಂತ ರೇವಣಸಿದ್ದ, ಬೂದು ಪಟ್ಟಿಯಾ? ಗುಲ್ಬರ್ಗದ ಗಂಡಸರು ಕಲ್ಲು ಎತ್ತುದು ಅಂತ ಕೇಳಿದ್ದೆ ಮಾರಾಯ. ಸುಳ್ಳಾ ಅದು?"

"ಸುಳ್ಳಲ್ರಿ."

"ಹಾಗಾದ್ರೆ ಎರಡು ಚೀಲ ಒಟ್ಟಿಗೆ ತಕೊಂಡು ಹೋಗು ನೋಡುವ. ನಲವತ್ತು ಹೆಜ್ಜೆ. ಪಂಥ. ಗೆದ್ರೆ ಕೆಂಪು."

ಧರ್ಮಣ್ಣ ಮೆಲ್ಲಗೆ "ಬ್ಯಾಡೋ" ಅಂದ. ಕೇಳಿಸಿಕೊಳ್ಳಲಿಲ್ಲ. ಬಗ್ಗಿದೆ. ಅವನೇ ಕೊಟ್ಟ, ಒಂದು, ಅದರ ಮೇಲೆ ಇನ್ನೊಂದು. ನೂರು ಕಿಲೋ. ಹತ್ತನೇ ಹೆಜ್ಜೆಗೆ ಕಿವಿಯಲ್ಲಿ ಗಿರಣಿ. ಇಪ್ಪತ್ತೈದಕ್ಕೆ ನೆಲ ಬಿಟ್ಟು ಬೇರೇನೂ ಕಾಣಲಿಲ್ಲ. ನಲವತ್ತಕ್ಕೆ ಚೀಲ ಥಪ್ಪಿಯ ಮೇಲಿತ್ತು, ಶೆಡ್ಡಿನ ತುಂಬ ಸಿಳ್ಳೆ. ಪ್ರಥಮ ನನ್ನ ಕೈಯನ್ನು ಮೇಲಕ್ಕೆತ್ತಿ ಹಿಡಿದ. ಹಯಗ್ರೀವ ಬೂದು ಪಟ್ಟಿ ಬಿಚ್ಚಿ ಕೆಂಪು ಹಾಕಿದರು, ಅದೂ ಎಲ್ಲರೆದುರು.

ಮನೆಗೆ ಬಂದು ತೋರಿಸಿದೆ. ನನ್ನಾಕೆ ಬೆನ್ನಿಗೆ ಎಣ್ಣೆ ತಿಕ್ಕಿದಳು. "ಟ್ರಾಲಿ ಕೇಳಿದ್ವಿ. ನೀವೇ ಟ್ರಾಲಿ ಆದ್ರಿ" ಅಂದಳು. ಹೆಂಗಸರಿಗೆ ಇದು ತಿಳಿಯುವುದಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಗೇಟಿನ ಬೋರ್ಡಿನಲ್ಲಿ ನನ್ನ ಫೋಟೋ. ಕೆಳಗೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ: "ಒಬ್ಬರಿಂದ ಆದದ್ದು ಎಲ್ಲರಿಂದಲೂ ಆಗುತ್ತದೆ. ಇಂದಿನಿಂದ ದೀಪಾವಳಿಯವರೆಗೆ ಸರದಿಗೆ ಎರಡು ಚೀಲ. ಆಗದವರು ನಾಳೆಯಿಂದ ಬರಬೇಕಿಲ್ಲ."

ಅರ್ಜಿಗೆ ಉತ್ತರವೂ ಅದರ ಪಕ್ಕದಲ್ಲೇ ಇತ್ತು: ಎರಡು ಚೀಲ ಹೊರುವ ಗಂಡಸರಿರುವಾಗ ಟ್ರಾಲಿಯ ಅಗತ್ಯ ಕಂಡುಬಂದಿಲ್ಲ.

ನೋಡಿದವರೆಲ್ಲ ನನ್ನ ಕಡೆ ತಿರುಗಿದರು. ನಾನು ಫೋಟೋದ ಕಡೆ ನೋಡಿದೆ. ಫೋಟೋ ಚೆನ್ನಾಗಿಯೇ ಬಂದಿತ್ತು.

ಸೆಪ್ಟೆಂಬರ್ 18, ಗುರುವಾರ

ಮೂವರನ್ನು ಮನೆಗೆ ಕಳಿಸಿದರು. ತಪ್ಪು ನನ್ನದಲ್ಲ. ನಾನು ನನ್ನ ತಾಕತ್ತು ತೋರಿಸಿದೆ, ನಿಯಮ ಮಾಡಿದವನು ಬೇರೆ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಶೇರ್ ರಿಕ್ಷಾದ ಮುಂದಿನ ಸೀಟಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಬಿಟ್ಟು ಬೇರೆ ಮೂವರು ಹಿಂದೆ ಒತ್ತಿ ಕೂತರು. ಧರ್ಮಣ್ಣ ಮಾತ್ರ ಬಂದು ಕೂತ. ಅವನ ಕಾಲು ನಡುಗುತ್ತಿತ್ತು. ರಸ್ತೆಯ ಗುಂಡಿಗಳಿಂದ ಇರಬಹುದು.

ಸೆಪ್ಟೆಂಬರ್ 23, ಮಂಗಳವಾರ

ಹನ್ನೊಂದೂವರೆಗೆ ಧರ್ಮಣ್ಣ ಬಿದ್ದ.

ಅವನ ಸರದಿ. ಬಗ್ಗಿ ನಿಂತ. ನಾನು ಚೀಲ ಕೊಟ್ಟೆ. "ಇನ್ನೊಂದು ಇಡು" ಅಂದ. "ಧರ್ಮಣ್ಣಾ, ಸಾಕು, ಯಾರೂ ನೋಡ್ಲಾಕತ್ತಿಲ್ಲ" ಅಂದೆ. "ನೋಡ್ಲಾಕತ್ತಾನ" ಅಂದ. ಸೂಪರ್‌ವೈಸರ್ ನಿಜಕ್ಕೂ ನೋಡುತ್ತಿದ್ದ. ಇಟ್ಟೆ. ಹದಿನಾಲ್ಕು ಹೆಜ್ಜೆ ಹೋದ. ಹಸಿ ಕಟ್ಟಿಗೆ ಮುರಿದಂಥ ಒಂದು ಸಪ್ಪಳ. ಚೀಲದ ಕೆಳಗೆ ಧರ್ಮಣ್ಣ, ಅವನ ತಲೆಯ ಮೇಲೆಲ್ಲ ಬಿಳಿ ಪುಡಿ.

ಹಯಗ್ರೀವ ಬಂದು ನೋಡಿ, "ಬೀಟಾ ಬಾಡಿಯಲ್ಲಿ ಆಲ್ಫಾ ಆಗ್ಲಿಕ್ಕೆ ಹೋಗುದು ಎಂತಕ್ಕೆ ಇವರೆಲ್ಲ" ಅಂದರು. ಗಾಡಿ ಕೇಳಿದರೆ ಕಂಪನಿ ಗಾಡಿ ಮಾಲಿಗೆ ಮಾತ್ರ ಎಂದರು.

ಗಂಡಸರು ನಾವು ಕಲ್ಲಿನಂತೆ ನಿಂತಿದ್ದೆವು. ಹೆಂಗಸರು ಓಡಿ ಬಂದರು. ನನ್ನಾಕೆ ಮಾಲಾ ಲಾರಿ ಮುಚ್ಚುವ ತಾಡಪತ್ರಿ ಎಳೆದು ತಂದಳು. ಚಂದ್ರಬಾಯಿ "ತಲಿ ಅಲುಗಿಸಬ್ಯಾಡ್ರಿ, ಸೊಂಟದ ಕೆಳಗ ಕೈ ಹಾಕ್ರಿ" ಎಂದು ಒಬ್ಬೊಬ್ಬರನ್ನು ನಿಲ್ಲಿಸಿದಳು. ಎಂಟು ಹೆಂಗಸರು ಎಣಿಕೆ ಹೇಳಿ ಒಟ್ಟಿಗೆ ಎತ್ತಿದರು. ಎಷ್ಟು ಹಗುರಾಗಿ ಎತ್ತಿದರು! ಗೇಟಿನ ಹೊರಗೆ ಟೆಂಪೋ ತಡೆದು ಮಲಗಿಸಿದರು. ಕಳವಾದ ದವಾಖಾನೆಯವರೆಗೂ ಮಾಲಾ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನಾನು ಅವನ ಚಪ್ಪಲಿ ಹಿಡಿದುಕೊಂಡಿದ್ದೆ.

ಬೆನ್ನುಮೂಳೆಯ ನಡುವಿನ ಬಿಲ್ಲೆ ಜರುಗಿದೆ. ಎರಡು ತಿಂಗಳು ಏಳುವಂತಿಲ್ಲ. ಆಮೇಲೂ ಭಾರ ಎತ್ತುವಂತಿಲ್ಲ ಅಂದರು ಡಾಕ್ಟರು.

ಸೆಪ್ಟೆಂಬರ್ 24, ಬುಧವಾರ

ಎರಡನೇ ಚೀಲ ಇಟ್ಟದ್ದು ನನ್ನ ಕೈ.

ಸೆಪ್ಟೆಂಬರ್ 28, ಭಾನುವಾರ

ಮನೆಗೆ ಕರೆತಂದಿದ್ದಾರೆ ಎಂದು ತಿಳಿದು ಧರ್ಮಣ್ಣನ ಖೋಲಿಗೆ ಹೋದೆ. ರೈಲ್ವೆ ಕಾರ್‌ಶೆಡ್ಡಿನ ಗೋಡೆಗೆ ಅಂಟಿಕೊಂಡ ಸಾಲು. ರೈಲು ಹಾದುಹೋದಾಗೆಲ್ಲ ಬಾಬಾಸಾಹೇಬರ ಪಟ ಸಣ್ಣಗೆ ಅಲುಗುತ್ತದೆ. ಮಲಗಿದಲ್ಲೇ ನನ್ನ ಕೈ ನೋಡಿದ.

"ಕೆಂಪು ಇನ್ನೂ ಅದಲ್ಲೋ."

ಜೇಬಿಗೆ ಕೈ ತೂರಿಸಿದೆ. "ಧರ್ಮಣ್ಣಾ, ನನ್ನಿಂದ..."

"ಅಳಬ್ಯಾಡ, ನನಗ ನಗಲಾಕ ಬರಂಗಿಲ್ಲ ಈಗ, ಸೊಂಟ ಹಿಡಿತದ." ಹಾಸಿಗೆಯ ಅಂಚು ತೋರಿಸಿ ಕೂರಿಸಿಕೊಂಡ. "ಒಂದು ಕೇಳ್ತೀನಿ. ನಮ್ಮೂರ ಗರಡಿ ಮುಂದ ಪಂಥದ ನಿಯಮ ಏನಿತ್ತು?"

"ಗುಂಡು ನೆಲದಿಂದ ಎದಿಗಿ, ಎದಿಯಿಂದ ಹೆಗಲಿಗಿ..."

"ಅದಲ್ಲ. ಅದಕ್ಕೂ ಮೊದಲ. ಪಂಥ ಕಟ್ಟಿದವ ಏನು ಮಾಡಬೇಕಿತ್ತು?"

ಆಗ ನೆನಪಾಯಿತು. ಪಂಥ ಕಟ್ಟಿದವನು ಮೊದಲು ತಾನು ಎತ್ತಿ ತೋರಿಸಬೇಕು. ಎತ್ತದವನ ಪಂಥಕ್ಕೆ ಬೆಲೆಯಿಲ್ಲ. ಗೌಡನ ಮಗನೇ ಆದರೂ ಅಷ್ಟೆ. ಗುಂಡು ಎತ್ತುವುದಕ್ಕಿಂತ ಮುಂಚೆ ಕಲಿಯುವ ಮಾತು ಅದು.

"ಹಯಗ್ರೀವ ಎತ್ತಿದನೇನು?" ಅಂದ ಧರ್ಮಣ್ಣ. "ಸಿಳ್ಳಿ ಕೇಳಿದಿ, ನಿಯಮ ಮರತಿ."

"ನಿನಗ ಹೆಂಗ ನೆನಪದ? ನೀ ಎಂದೂ ಗುಂಡು ಎತ್ತಿದ್ದು ನಾ ನೋಡಿಲ್ಲ."

"ನಮ್ಮ ಕೇರಿಯವರಿಗಿ ಮುಟ್ಟಲಾಕ ಎಲ್ಲಿ ಬಿಡ್ತಿದ್ರು? ಬೇವಿನ ಗಿಡದ ಆಚಿಗಿ ನಿಂತು ನೋಡ್ತಿದ್ವಿ. ದೂರ ನಿಂತವರಿಗಿ ನಿಯಮ ಪೂರಾ ಕಾಣಸ್ತದ, ರೇವಣ್ಯಾ. ಯಾರು ಮುರದ್ರು ಅನ್ನೋದೂ ಕಾಣಸ್ತದ."

ಹದಿನೈದು ವರ್ಷ ಆ ಗುಂಡಿನ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಬೇವಿನ ಮರದ ಆಚೆ ಯಾರು ನಿಂತಿದ್ದರು ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಥೂ.

ಅವನ ಮನೆಯ ಕೊಡ ತುಂಬಿಸಿಟ್ಟು ಬಂದೆ. ನಲ್ಲಿ ಚಾಳಿನ ತುದಿಯಲ್ಲಿದೆ, ಆರು ಸಲ ಓಡಾಡಬೇಕಾಯಿತು.

ಅಕ್ಟೋಬರ್ 2, ಗುರುವಾರ

ದಸರೆ. ಗೋದಾಮಿನಲ್ಲಿ ಸ್ಕ್ಯಾನರಿಗೆ, ಲಾರಿಗೆ, ತೂಕದ ಯಂತ್ರಕ್ಕೆ ಹೂ ಹಾಕಿ ಅರ್ಧ ದಿನಕ್ಕೆ ಬಿಟ್ಟರು. ನಮ್ಮ ಸಲಕರಣೆಗೆ ಯಾರೂ ಹೂ ಹಾಕಲಿಲ್ಲ. ನಮ್ಮ ಸಲಕರಣೆ ಬೆನ್ನು.

ಮಧ್ಯಾಹ್ನ ಬನ್ನಿ ಕೊಡುವ ನೆಪದಲ್ಲಿ ಎಲ್ಲರೂ ಧರ್ಮಣ್ಣನ ಮನೆಗೆ ಬಂದರು. ಸಭೆ ಎಂದರೆ ಸೂಪರ್‌ವೈಸರಿಗೆ ಸುದ್ದಿ ಹೋಗುತ್ತದೆ. ಬನ್ನಿ ಎಂದರೆ ಯಾರೂ ಕೇಳುವುದಿಲ್ಲ. ಇದು ಮಾಲಾಳ ಉಪಾಯ. ಎಲೆ ಕೊಟ್ಟು "ಬಂಗಾರದಂಗ ಇರೋಣು" ಅಂದೆ. ಧರ್ಮಣ್ಣ ಎಲೆ ತೆಗೆದುಕೊಂಡು "ಜೈ ಭೀಮ್" ಅಂದ. ನಾನೂ ಅಂದೆ. ನಲವತ್ತು ಜನ. ಖೋಲಿಯಲ್ಲಿ ಹೆಂಗಸರು, ಹೊಸ್ತಿಲಿನ ಹೊರಗೆ ಗಂಡಸರು.

ಒಂಬತ್ತನೇ ತಾರೀಕು ಮಾಲಿನ ಗಿರಾಕಿ ಕಂಪನಿಯ ದೊಡ್ಡವರು ದೀಪಾವಳಿ ಸರಕು ನೋಡಲು ಬರುತ್ತಾರೆ. ಅವರ ಮುಂದೆ ಕೆಂಪು ಪಟ್ಟಿಯ ನಾನು ಎರಡು ಚೀಲ ಹೊತ್ತು ತೋರಿಸಬೇಕೆಂದು ಹಯಗ್ರೀವ ಹೇಳಿದ್ದಾರೆ. ಇದನ್ನೂ, ಧರ್ಮಣ್ಣ ನೆನಪಿಸಿದ ಪಂಥದ ನಿಯಮವನ್ನೂ ಸಭೆಗೆ ಹೇಳಿದೆ. ಹೇಳಿ, ಅಂದು ಮಾಡಬೇಕಾದ ಭಾಷಣ ಎಂದು ನಾಲ್ಕು ಪುಟ ತೆಗೆದೆ. ಶಿಬಿರದ ಮಾತುಗಳೆಲ್ಲ ನೆನಪಾಗಿದ್ದವು.

ಮೊದಲ ಪುಟ ಮುಗಿಯುವ ಮೊದಲೇ ಚಂದ್ರಬಾಯಿ ಕೈ ಎತ್ತಿದಳು. "ತಮ್ಮಾ, ಇಷ್ಟು ಕೇಳೂತನಕ ದೀಪಾವಳಿ ಮುಗದು ಹೋಳಿ ಬರ್ತದ."

"ಮತ್ತೇನ್ ಮಾಡ್ಬೇಕಕ್ಕಾ?"

"ಕುಂದ್ರಬೇಕು."

"ಎಲ್ಲಿ?"

"ಚೀಲದ ಮ್ಯಾಲ. ಹೊರಲಾಕ ತಂದ ಚೀಲದ ಮ್ಯಾಲ ಕುಂತರ ಅದು ಕುರ್ಚಿ. ನಾವು ಪೆಟ್ಟಿಗಿ ಮ್ಯಾಲ ಕುಂದ್ರತೀವಿ, ನೀವು ಚೀಲದ ಮ್ಯಾಲ. ಕೂಗೋದು ಬ್ಯಾಡ, ಬಡಿಯೋದು ಬ್ಯಾಡ. ನೀ ಆ ಪಂಥದ ಮಾತು ಒಂದೇ ಒಂದು ಆಡು. ಆಡಿ ಕುಂದ್ರು."

"ಅವ್ರು ಎಲ್ಲಾರನ್ನೂ ತೆಗದ್ರ?" ಯಾರೋ ಕೇಳಿದರು.

ಒಳಗಿನಿಂದ ಮಾಲಾ ಹೇಳಿದಳು: "ದೀಪಾವಳಿ ಮುಂದ ಹಮಾಲರೆಲ್ಲ ಊರಿಗಿ ಹೊಂಟಾರ. ಅವರಿಗಿ ಬೇರೆಯವ್ರು ಎಲ್ಲಿಂದ ಸಿಗತಾರ? ಅಂಜಬೇಕಾದವರು ಅವರು."

ಚಹಾ ಆಗಬೇಕಿತ್ತು. ಹೆಂಗಸರು ಬೇಡಿಕೆ ಬರೆಯುತ್ತಿದ್ದರು. ನಾನು ಸ್ಟೋವ್ ಹಚ್ಚಿದೆ. ಎಲ್ಲರಿಗೂ ಸಕ್ಕರೆ ಸರಿಯಾಯಿತೇ ಎಂದು ಕೇಳುತ್ತ ಕೊಟ್ಟೆ. ನಾಲ್ಕು ಪುಟದ ಕಾಗದ ಕಪ್ಪಿನ ಅಡಿಗೆ ಉಪಯೋಗಕ್ಕೆ ಬಂತು.

ಅಕ್ಟೋಬರ್ 6, ಸೋಮವಾರ

ಕೊಡಗಳು ತುಂಬಿದವು. ಧರ್ಮಣ್ಣ ಇಂದು ಮಗ್ಗುಲಿಗೆ ತಿರುಗಿದ.

ಪಾಯಖಾನೆಯ ಬಾಗಿಲಿಗೂ ಚೌಕಟ್ಟಿಗೂ ಮಾಲಾ ಒಂದೊಂದು ಮೊಳೆ ಹೊಡೆದಿದ್ದಾಳೆ. ಅವೆರಡನ್ನೂ ಹಿಡಿದಿಡಲು ಎಳೆದರೆ ಹರಿಯದಂಥದ್ದು ಬೇಕಾಗಿತ್ತು. ನನ್ನ ಕೈಪಟ್ಟಿ ಅಳತೆಗೆ ಸರಿಹೋಯಿತು. ಬಿಚ್ಚಿ ಕೊಟ್ಟೆ. ಗುರುವಾರದವರೆಗೆ ಸಾಕು.

ಆಕಾಶನನ್ನು ಕೇಳಿದೆ, ಗುರುವಾರ ನಮ್ಮೊಂದಿಗೆ ಕೂರುತ್ತೀಯಾ ಎಂದು. ಒಂದು ಕಿವಿಯ ಇಯರ್‌ಫೋನು ತೆಗೆದ. "ಕಾಕಾ, ಮೈ ಕಿಸೀ ಗ್ರೂಪ್ ಮೇಂ ನಹೀಂ." ಸರಿ ಅಂದೆ. ಹಿಂಡು ಬಿಟ್ಟ ತೋಳ ಏನಾಗುತ್ತದೆ ಎಂದು ನನ್ನಜ್ಜ ಹೇಳುತ್ತಿದ್ದುದನ್ನು ಹೇಳಿದೆ. ಹಸಿದು ಸಾಯುತ್ತದೆ, ಅಷ್ಟೇ. ಅವನು ಇಯರ್‌ಫೋನನ್ನು ತಿರುಗಿ ಹಾಕಿಕೊಂಡ. ಹಾಡು ಮಾತ್ರ ಹಚ್ಚಲಿಲ್ಲ.

ಅಕ್ಟೋಬರ್ 9, ಗುರುವಾರ

ಬರೆಯುತ್ತೇನೆ. ಒಂದನ್ನೂ ಬಿಡದೆ ಬರೆಯುತ್ತೇನೆ.

ಹತ್ತೂವರೆಗೆ ಬಂದರು. ಗಿರಾಕಿ ಕಂಪನಿಯ ಮೂವರು, ತಲೆಗೆ ಹಳದಿ ಟೋಪಿ. ಗೇಟಿನ ಹೊರಗೆ ಖಾಲಿಯಾಗಬೇಕಾದ ಒಂಬತ್ತು ಲಾರಿ. ಹಯಗ್ರೀವರ ಕೊರಳಲ್ಲಿ ಟೈ. ಪ್ರಥಮ ಮೊಬೈಲು ಎತ್ತಿ ಹಿಡಿದು ಹಿಂದಿಯಲ್ಲಿ, "ಈಗ ನಮ್ಮ ಆಲ್ಫಾ ನಂಬರ್ ಒನ್" ಎಂದು ಸಾರಿದ.

ಹಯಗ್ರೀವ ನನ್ನ ಕೈ ನೋಡಿದರು. "ಪಟ್ಟಿ ಎಲ್ಲಿ ಮಾರಾಯ?"

"ಪಾಯಖಾನಿ ಬಾಗಿಲಿಗದರಿ."

ಹೆಂಗಸರ ಕಡೆಯಿಂದ ಒಂದು ನಗೆ ಹಾರಿತು. ಹಯಗ್ರೀವ ಹಲ್ಲು ಕಚ್ಚಿ, "ಆಯ್ತು, ಎತ್ತು" ಅಂದರು.

ನಾನು ಬಗ್ಗಲಿಲ್ಲ. ಎರಡು ಚೀಲಗಳನ್ನು ಅವರ ಮುಂದೆ, ಹೊಳೆಯುವ ಬೂಟಿನ ಮುಂದೆ ತಂದು ಇಟ್ಟೆ. ಒಂದೇ ಮಾತು ಆಡಬೇಕಿತ್ತು. ಆಡಿದೆ:

"ನಮ್ಮಲ್ಲಿ ಒಂದು ಕಾಯಿದೆ ಅದರಿ. ಪಂಥ ಕಟ್ಟಿದವ ಮೊದಲು ಎತ್ತಬೇಕು."

ಆಡಿ ಒಂದು ಚೀಲದ ಮೇಲೆ ಕೂತೆ.

ನನ್ನ ಹಿಂದೆ ಧಪ್ ಎಂದಿತು. ಇನ್ನೊಂದು ಧಪ್. ಆಮೇಲೆ ಸಾಲಾಗಿ, ಥಪ್ಪಿಯ ಉದ್ದಕ್ಕೂ, ಬೂದು ಪಟ್ಟಿ, ಕೆಂಪು ಪಟ್ಟಿ ಅನ್ನದೆ ಅರವತ್ತು ಗಂಡಸರು ಕೂತರು. ಪ್ಯಾಕಿಂಗ್ ಲೈನಿನ ಬೆಲ್ಟು ನಿಂತಿತು. ಮಾಲಾ ಮೊದಲು ಕೂತಳು, ಅವಳ ಪಕ್ಕ ಚಂದ್ರಬಾಯಿ, ಅವರ ಹಿಂದೆ ಐವತ್ತು ಹೆಂಗಸರು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಒಂದೇ ಸದ್ದು ಉಳಿಯಿತು. ಆಕಾಶನ ಸ್ಕ್ಯಾನರು. ಟಿಕ್. ಟಿಕ್. ಟಿಕ್.

"ಏ, ಎಂತದು ಇದು! ಏಳಿ! ನಾಳೆ ಒಬ್ಬನಿಗೂ ಗೇಟು ತೆಗಿಲಿಕ್ಕಿಲ್ಲ, ಹೇಳ್ತೇನೆ. ಬೇರೆ ಜನ ಕರೆಸ್ತೇನೆ!"

"ಕರೆಸ್ರಿ ಸಾಹೇಬ" ಅಂದಳು ಚಂದ್ರಬಾಯಿ, ತಂಬಾಕು ತಿಕ್ಕುತ್ತ. "ದೀಪಾವಳಿ ಹನ್ನೊಂದು ದಿನ ಅದ. ಹಮಾಲ ಸಿಕ್ಕರ ನಮಗೂ ಒಬ್ಬನ್ನ ಕಳಸ್ರಿ. ಮನಿಗಿ ಸುಣ್ಣ ಹೊಡೀಬೇಕು."

ಗಿರಾಕಿಗಳಲ್ಲೊಬ್ಬ ಕೈಗಡಿಯಾರ ನೋಡಿಕೊಂಡ. ಹೊರಗೆ ಲಾರಿಗಳ ಹಾರನ್ನು. ಹಯಗ್ರೀವ ಚೀಲ ನೋಡಿದರು, ನಮ್ಮನ್ನು ನೋಡಿದರು, ತಮ್ಮ ಟೈ ನೋಡಿಕೊಂಡರು. ಬಗ್ಗಲಿಲ್ಲ.

"ಮಾಮಾ, ಮೈ ಕರತಾ ಹೂಂ" ಎಂದು ಪ್ರಥಮ ಮುಂದೆ ಬಂದ. ಮೊಬೈಲು ಮಾವನ ಕೈಗೆ ಕೊಟ್ಟ, ಅಂಗಿ ತೋಳು ಮಡಚಿದ. ಅವನ ತೋಳು ದಪ್ಪ, ಜಿಮ್ಮಿನ ತೋಳು. ನಾನು ಎದ್ದು ಅವನಿಗೆ ಚೀಲ ಕೊಟ್ಟೆ. ಮೋಸ ಮಾಡಲಿಲ್ಲ, ಹೊಸ ಹಮಾಲನಿಗೆ ಹೇಳುವಂತೆಯೇ ಹೇಳಿದೆ: "ಕುತ್ತಿಗಿ ಎತ್ತಬ್ಯಾಡ. ಮೊಳಕಾಲು ಸಡ್ಲ ಬಿಡು. ಉಸುರು ಹಿಡಿಬ್ಯಾಡ." ಒಂದೇ ಚೀಲ. ಎರಡನೆಯದನ್ನು ನಾನು ಇನ್ನೆಂದೂ ಯಾರ ಬೆನ್ನಿಗೂ ಇಡುವುದಿಲ್ಲ.

ಹೊರಟ. ಒಂದು. ಎರಡು. ನಾವೆಲ್ಲ ಎಣಿಸಿದೆವು. ಕುಚೋದ್ಯಕ್ಕಲ್ಲ. ಹೊರುವವನಿಗೆ ಎಣಿಕೆ ಆಸರೆ. ಒಂಬತ್ತಕ್ಕೆ ಅವನ ಮುಖ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು. ಹನ್ನೊಂದಕ್ಕೆ ಮೊಳಕಾಲು ಒಂದಕ್ಕೊಂದು ಬಡಿದವು. ಅವನು ಕುಸಿಯುವುದಕ್ಕಿಂತ ಮೊದಲೇ ನಾವು ನಾಲ್ವರು ಚೀಲದ ಕೆಳಗೆ ಕೈ ಕೊಟ್ಟಿದ್ದೆವು. ಭಾರದ ಅಡಿ ಸಿಕ್ಕವನು ಯಾವನೇ ಇರಲಿ, ಹಮಾಲ ಕೈ ಕೊಡುತ್ತಾನೆ. ಅದೂ ಕಾಯಿದೆಯೇ.

ಪ್ರಥಮ ಅಲ್ಲೇ, ಇಳಿಸಿದ ಚೀಲದ ಮೇಲೆ ಕೂತುಬಿಟ್ಟ. ಅವನ ಬಾಯಿಂದ ಮೊದಲ ಸಲ ಕನ್ನಡ ಬಂತು. "ನೀರು."

ಮಾಲಾ ತನ್ನ ಬಾಟಲಿ ಕೊಟ್ಟಳು. ನಾನು ಮತ್ತೆ ನನ್ನ ಚೀಲದ ಮೇಲೆ ಕೂತೆ.

ಚಂದ್ರಬಾಯಿ ಕೂಗಿದಳು: "ಇವನೂ ಕುಂತ! ಎಣಿಕಿಗಿ ಹಾಕ್ರಿ!"

ಶೆಡ್ಡು ನಗೆಯಿಂದ ಹಾರಿಹೋಯಿತು. ಪ್ರಥಮನೂ ಏಳಲಿಲ್ಲ, ಮಾವ "ಏಳಾ" ಎಂದಾಗ ಇಲ್ಲವೆಂದು ತಲೆಯಾಡಿಸಿದ. ಬೇಕೆಂದೇ ಕೂತನೋ, ಕಾಲು ಬರಲಿಲ್ಲವೋ, ನನಗೆ ತಿಳಿಯದು. ಆ ಗದ್ದಲದ ನಡುವೆ ಏನೋ ನಿಂತಂತಾಯಿತು. ಟಿಕ್ ಟಿಕ್ ಇರಲಿಲ್ಲ. ಆಕಾಶ ಸ್ಕ್ಯಾನರನ್ನು ಮೇಜಿನ ಮೇಲೆ ಮಗುಚಿಟ್ಟು, ಎರಡೂ ಕಿವಿ ಖಾಲಿ ಮಾಡಿಕೊಂಡು ಬಂದು ನನ್ನ ಚೀಲದ ಅಂಚಿನಲ್ಲಿ ಕೂತ. "ಥೋಡಾ ಸರಕೋ ಕಾಕಾ" ಅಂದ. ಸರಿದೆ.

ಸ್ಕ್ಯಾನ್ ಇಲ್ಲದೆ ಒಂದು ಪೆಟ್ಟಿಗೆಯೂ ಹೊರಗೆ ಹೋಗುವುದಿಲ್ಲ. ಹಯಗ್ರೀವರಿಗೆ ಅದು ಅರ್ಥವಾಗಲು ಒಂದು ನಿಮಿಷ ಸಾಕಾಯಿತು.

ಎರಡು ಗಂಟೆ ಹತ್ತು ನಿಮಿಷ ಕೂತೆವು. ಒಬ್ಬರೂ ಎದ್ದು ಕೂಗಲಿಲ್ಲ. ಒಂದು ಗಾಜೂ ಒಡೆಯಲಿಲ್ಲ. ಮಾತುಕತೆಗೆ ಹಯಗ್ರೀವ ನನ್ನನ್ನು ಕರೆದರು. "ನೀನು ಲೀಡರ್ ಅಲ್ವಾ, ನೀನೊಬ್ಬ ಒಳಗೆ ಬಾ." ನಾನು ಮಾಲಾ ಮತ್ತು ಚಂದ್ರಬಾಯಿಯ ಕಡೆ ಕೈ ತೋರಿಸಿದೆ. ಬೇಡಿಕೆ ಬರೆದವರು ಅವರು. ಅವರು ಒಳಗೆ ಹೋದರು. ನಾನು ಹೊರಗೆ ಹೆಂಗಸರ ಊಟದ ಡಬ್ಬಿ ಹಂಚಿದೆ.

ಮಾಲಾ ಹೊರಗೆ ಬಂದಾಗ ಕೈಯಲ್ಲಿ ಕಾಗದ, ಕಾಗದದ ಮೇಲೆ ಸಹಿ ಮತ್ತು ಮೊಹರು. ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಓದಿದಳು. ಸರದಿಗೆ ಒಂದೇ ಚೀಲ, ಅದೂ ಟ್ರಾಲಿಯ ಮೇಲೆ. ಚಿಲಕ ನಾಳೆಯೇ. ಕಳಿಸಿದ ಮೂವರು ವಾಪಸು. ಧರ್ಮಪಾಲನ ಚಿಕಿತ್ಸೆ ಕಂಪನಿಯದು. ಎದ್ದ ಮೇಲೆ ಭಾರವಿಲ್ಲದ ಕೆಲಸ. ಕೈಪಟ್ಟಿ ರದ್ದು. ಅವಳ ದನಿ ಶೆಡ್ಡಿನ ತಗಡಿಗೆ ತಗುಲಿ ಮರಳಿ ಬರುತ್ತಿತ್ತು. ಇಷ್ಟು ದೊಡ್ಡ ದನಿ ಆ ಹತ್ತಡಿಯ ಖೋಲಿಯಲ್ಲಿ ಎಲ್ಲಿತ್ತು?

ಜಿಂದಾಬಾದ್ ಎಂದು ಯಾರು ಶುರುಮಾಡಿದರೋ ಗೊತ್ತಿಲ್ಲ. ಗಂಟಲು ಹೋಗಿದೆ, ಆದ್ದರಿಂದ ನಾನೂ ಕೂಗಿರಬೇಕು.

ಅಕ್ಟೋಬರ್ 10, ಶುಕ್ರವಾರ

ಟ್ರಾಲಿ ಬಂದವು. ಹನ್ನೆರಡು. ಹೊಸ ಬಣ್ಣದ ವಾಸನೆ. ಚಂದ್ರಬಾಯಿ ಒಂದೊಂದಕ್ಕೂ ಅರಿಷಿಣ ಕುಂಕುಮ ಹಚ್ಚಿದಳು, ದಸರೆಯ ಬಾಕಿ ಎಂದು. ಒಂದರ ಮೇಲೆ ಆಕಾಶ ತಾನೇ ಹತ್ತಿ ನಿಂತು ಶೆಡ್ಡು ಸುತ್ತಿಸಿಕೊಂಡ.

ಚಿಲಕವೂ ಬಂತು. ಹಿತ್ತಾಳೆಯದು. ಮಾಲಾ ಹತ್ತು ಸಲ ಹಾಕಿ ತೆಗೆದು ನೋಡಿದಳು. ಪಟ್ಟಿ ಬೇಕೇ ಎಂದು ಕೇಳಿದಳು. ಯಾವ ಪಟ್ಟಿ ಎಂದು ಕೇಳಿದೆ.

ಅಕ್ಟೋಬರ್ 12, ಭಾನುವಾರ

ಸಂಜೆ ನಾವಿಬ್ಬರೂ ಧರ್ಮಣ್ಣನಲ್ಲಿಗೆ ಹೋದೆವು. ಇಬ್ಬರು ಹಿಡಿದರೆ ಕೂರುತ್ತಾನೆ. ಕೂತು ಇಡೀ ಕಥೆಯನ್ನು ಮೂರು ಸಲ ಹೇಳಿಸಿಕೊಂಡ. "ಇವನೂ ಕುಂತ" ಅನ್ನುವಲ್ಲಿ ಪ್ರತಿ ಸಲ ಸೊಂಟ ಹಿಡಿದುಕೊಂಡು ನಕ್ಕ. "ಬ್ಯಾಡೋ, ಸಾಯ್ತೀನಿ, ಇನ್ನೊಮ್ಮಿ ಹೇಳು." ಕೊನೆಗೆ ನನ್ನ ಕೈ ಹಿಡಿದು, "ಊರಿಗಿ ಹೋದಾಗ ಆ ಗುಂಡಿನ ಹತ್ರ ನನ್ನ ಕರಕೊಂಡು ಹೋಗು. ಎತ್ತಲಾಕಲ್ಲ. ಅದರ ಮ್ಯಾಲ ಕುಂದ್ರಲಾಕ" ಅಂದ. ಮೊದಲು ನೀ ಕೂಡು, ಆಮೇಲೆ ನಾನು ಅಂದೆ.

ಇಂದು ಮನೆಯ ಚಹಾ ನಾನೇ ಮಾಡಿದೆ. ಮಾಲಾ ಬರೆಯುತ್ತಿದ್ದಳು.

ಕೊಟ್ಟ ಮಾತು: ಬಸ್ಸು. ಶುದ್ಧ ನೀರು. ಮಂಡಳಿಯಲ್ಲಿ ಹೆಸರು.

ಸಿಕ್ಕದ್ದು: ಇನ್ನೂ ಇಲ್ಲ.

ಪಕ್ಕದ ಎರಡು ಗೋದಾಮುಗಳಿಂದ, ಶಹಾಡಿನ ಕಾರ್ಖಾನೆಯೊಂದರಿಂದ ಕೂಡ ಜನ ಬರುತ್ತೇವೆ ಎಂದಿದ್ದಾರೆ. ಖೋಲಿ ಸಾಲದು, ಚಾಳಿನ ಅಂಗಳವೇ ಬೇಕು. ಧರ್ಮಣ್ಣನ ಮಂಚವನ್ನು ಹೊರಗೆ ಹಾಕುತ್ತೇವೆ, ಅಧ್ಯಕ್ಷತೆ ಅವನದು.

ಮುಂದಿನ ಸಭೆ: ಕಳವಾ, ಕಾರ್‌ಶೆಡ್ಡಿನ ಗೋಡೆಯ ಪಕ್ಕದ ಚಾಳು. ಅಕ್ಟೋಬರ್ 19, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.